ಛಾಯಾದೇವಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಜನರಿಗೆ ನೆರಳಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಬೋಳುಬಂಡೆಯ ಬೆಟ್ಟಗಳು ಕಾದು, ಕಡಲೆಕಾಯಿಯ ಹೊಲಗಳು ಬರಿದಾಗಿ ಬಿದ್ದಿರುವಾಗ ದಾರಿಹೋಕನು ಒಂದು ಹೊಂಗೆಯ ಮರವನ್ನು ಅರಸಿ ಎಷ್ಟು ದೂರವಾದರೂ ನಡೆಯುತ್ತಾನೆ. ಈ ಸೀಮೆಯ ಪಾವಗಡದಲ್ಲಿ ಶನಿಮಹಾತ್ಮನ ಪ್ರಸಿದ್ಧ ದೇವಾಲಯವಿದೆ. ಕರ್ನಾಟಕ, ಆಂಧ್ರಗಳೆರಡರಿಂದಲೂ ಭಕ್ತರು ಅಲ್ಲಿಗೆ ಬರುತ್ತಾರೆ. ಶನಿಯ ಕಾಟದಿಂದ ವಿಕ್ರಮರಾಜನು ಪಟ್ಟ ಪಾಡನ್ನು ಹಳ್ಳಿಯ ಮಕ್ಕಳೂ ಬಲ್ಲರು. ಆದರೆ ಶನಿಯ ತಾಯಿಯ ಕಥೆಯನ್ನು ಬಲ್ಲವರು ವಿರಳ. ಅವಳ ಹೆಸರು ಛಾಯೆ, ಎಂದರೆ ನೆರಳು.

ಋಗ್ವೇದದ 10ನೆಯ ಮಂಡಲದಲ್ಲಿಯೇ ಈ ಕಥೆಯ ಬೀಜವಿದೆ. ವಿಷ್ಣುಪುರಾಣ, ಮಾರ್ಕಂಡೇಯಪುರಾಣಗಳಲ್ಲಿ ಅದು ಮರವಾಗಿ ಬೆಳೆದಿದೆ. ವಿಶ್ವಕರ್ಮನ ಮಗಳಾದ ಸಂಜ್ಞೆ ಸೂರ್ಯನ ಮಡದಿ. ಮನು, ಯಮ, ಯಮಿ ಎಂಬ ಮೂವರು ಮಕ್ಕಳಾದರೂ ಪತಿಯ ತೇಜಸ್ಸನ್ನು ಸಹಿಸುವುದು ಅವಳಿಂದಾಗಲಿಲ್ಲ. ತನ್ನ ನೆರಳಿಗೇ ತನ್ನ ರೂಪವನ್ನು ಕೊಟ್ಟು, ಮಕ್ಕಳನ್ನು ನೋಡಿಕೊಳ್ಳುವಂತೆಯೂ ಗುಟ್ಟನ್ನು ಕಾಪಾಡುವಂತೆಯೂ ಹೇಳಿ ಹೊರಟುಹೋದಳು. ಛಾಯೆ ಒಪ್ಪಿದಳು; ಆದರೆ ಒಂದು ಮಿತಿಯನ್ನು ಮೊದಲೇ ತಿಳಿಸಿದಳು. ತಲೆಗೂದಲನ್ನು ಹಿಡಿಯುವವರೆಗೆ, ಶಾಪದ ಮಾತು ಬರುವವರೆಗೆ ಬಾಯಿ ಬಿಡುವುದಿಲ್ಲ ಎಂದಳು. ಒಬ್ಬಳು ತಾಳಲಾರದೆ ಬಿಟ್ಟುಹೋದ ಮನೆಯಲ್ಲಿ ಇನ್ನೊಬ್ಬಳು ಸಂಸಾರ ಹೂಡಿದಳು. ಇವಳಿಗೆ ಆ ಶಾಖ ತಾಕಲಿಲ್ಲವೆ? ಪುರಾಣಕಾರರು ಅದನ್ನು ವಿಚಾರಿಸುವುದಿಲ್ಲ.

ಕಾಲಕ್ರಮದಲ್ಲಿ ಛಾಯೆಗೆ ಸಾವರ್ಣಿ, ಶನಿ, ತಪತಿ ಎಂಬ ಮಕ್ಕಳಾದರು. ಅವಳ ವಾತ್ಸಲ್ಯ ತನ್ನ ಮಕ್ಕಳ ಕಡೆಗೆ ವಾಲಿತು. ಮನು ಸಹಿಸಿದನು, ಯಮನು ಸಹಿಸದೆ ಅವಳನ್ನು ಒದೆಯಲು ಕಾಲೆತ್ತಿದನು. ಆ ಕಾಲು ಕಳಚಿ ಬೀಳಲಿ ಎಂದು ಛಾಯೆ ಶಪಿಸಿದಳು. ಮಕ್ಕಳು ಕೆಟ್ಟವರಾದರೂ ಹೆತ್ತವಳು ಹೀಗೆ ಶಪಿಸಲಾರಳು, ಇವಳು ನಮ್ಮ ತಾಯಿಯಲ್ಲ ಎಂದು ಯಮನು ತಂದೆಗೆ ದೂರಿತ್ತನು. ಸೂರ್ಯನು ಕೇಳಿದಾಗ ಛಾಯೆ ಮೌನವಾಗಿದ್ದಳು. ಅವನು ಶಪಿಸಲು ಸಿದ್ಧನಾದಾಗ ಮಾತ್ರ ನಡೆದುದನ್ನು ನುಡಿದಳು. ಅವಳು ಮೊದಲೇ ಹೇಳಿದ್ದ ಮಿತಿ ಅದೇ ಅಲ್ಲವೆ? ಅವಳು ಪಕ್ಷಪಾತ ಮಾಡಿದ್ದು ತಪ್ಪೇ ಸರಿ. ಆದರೂ ಕೊಟ್ಟ ಮಾತನ್ನು ಅಳತೆ ತಪ್ಪದೆ ನಡೆಸಿದವಳನ್ನು ಬರಿಯ ಮಲತಾಯಿಯೆಂದು ತಳ್ಳಿಬಿಡುವುದು ನನಗೆ ನ್ಯಾಯವಾಗಿ ತೋರುವುದಿಲ್ಲ.

ಮುಂದೆ ವಿಶ್ವಕರ್ಮನು ಸೂರ್ಯನನ್ನು ಸಾಣೆಗೆ ಹಿಡಿದು ಎಂಟರಲ್ಲಿ ಒಂದು ಪಾಲು ತೇಜಸ್ಸನ್ನು ತೆಗೆದನು. ಅದರಿಂದಲೇ ವಿಷ್ಣುವಿನ ಚಕ್ರವೂ ಶಿವನ ತ್ರಿಶೂಲವೂ ಆದುವು. (ಉಳಿದ ತೇಜಸ್ಸೇ ಪಾವಗಡ ತಾಲ್ಲೂಕಿಗೆ ಧಾರಾಳವಾಗಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆ ನೆಲದಲ್ಲಿ 2018ರಿಂದ ಅದನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತಿದ್ದಾರೆ.) ಹೆಣ್ಣುಕುದುರೆಯ ರೂಪದಲ್ಲಿ ಉತ್ತರಕುರುವಿನಲ್ಲಿದ್ದ ಸಂಜ್ಞೆಯನ್ನು ಸೂರ್ಯನು ಕುದುರೆಯಾಗಿ ಹೋಗಿ ಕೂಡಿದನು, ಅಶ್ವಿನೀದೇವತೆಗಳು ಜನಿಸಿದರು. ಸಂಜ್ಞೆ ಮನೆಗೆ ಮರಳಿದಳು. ಛಾಯೆಯನ್ನು ಕಥೆ ಅಲ್ಲಿಗೇ ಕೈಬಿಡುತ್ತದೆ.

ಅವಳ ಮಕ್ಕಳನ್ನು ಮಾತ್ರ ಬಿಡಲಿಲ್ಲ. ಶನಿಗೆ ಗ್ರಹಪದವಿ ದೊರೆಯಿತು. ಸಾವರ್ಣಿ 8ನೆಯ ಮನ್ವಂತರದ ಮನುವಾಗತಕ್ಕವನು. ತಪತಿಯು ಸಂವರಣರಾಜನ ಕೈಹಿಡಿದು ಕುರುವನ್ನು ಹೆತ್ತಳು. ಮಹಾಭಾರತದ ಆದಿಪರ್ವದಲ್ಲಿ, ಗಂಗಾತೀರದಲ್ಲಿ ಅರ್ಜುನನಿಗೆ ಸೋತ ಗಂಧರ್ವನು ಅವನನ್ನು ‘ತಾಪತ್ಯ’ ಎಂದು ಸಂಬೋಧಿಸುತ್ತಾನೆ. ನಾವು ಕುಂತಿಯ ಮಕ್ಕಳು, ತಾಪತ್ಯರು ಹೇಗಾದೆವು ಎಂದು ಅರ್ಜುನನು ಬೆರಗಾಗಿ ಕೇಳುತ್ತಾನೆ. ತನ್ನ ವಂಶದ ಮೂಲದಲ್ಲಿದ್ದ ಆ ಹೆಣ್ಣಿನ ಕಥೆಯನ್ನು ಅವನು ಪರಕೀಯನಾದ ಗಂಧರ್ವನ ಬಾಯಿಂದ ಕೇಳಿ ತಿಳಿಯಬೇಕಾಯಿತು.