ಗೆರೆಯ ಅಳುಕು

ವಿನ್ಯಾಸಶಾಲೆಯ ಮೊದಲ ದಿನಗಳಲ್ಲಿ, ಬಿಳಿಯ ಹಾಳೆಯ ಮುಂದೆ ಕುಳಿತ ವಿದ್ಯಾರ್ಥಿಯ ಕೈ ಗೆರೆಯೊಂದನ್ನು ಎಳೆಯುವ ಮುನ್ನವೇ ರಬ್ಬರನ್ನು ಅರಸುವುದನ್ನು ಕಂಡವರಿಗೆ, ಚಿತ್ರ ಬರೆಯುವ ಕಲಿಕೆಯಲ್ಲಿ ಬೆರಳಿಗಿಂತ ಮೊದಲು ಪಳಗಬೇಕಾದದ್ದು ಮನಸ್ಸೆಂಬುದು ತಾನಾಗಿಯೇ ವೇದ್ಯವಾಗುತ್ತದೆ. ‘ನನಗೆ ಚಿತ್ರ ಬಾರದು’ ಎಂಬ ಕೊರಗಿಗೆ ಬಹುಮಟ್ಟಿಗೆ ಕಾರಣ ಕೈಯ ದೋಷವಲ್ಲ, ಕಂಡದ್ದನ್ನು ಬಿಟ್ಟು ಬಲ್ಲದ್ದನ್ನು ಬರೆಯುವ ರೂಢಿ. ಕುರ್ಚಿಯ ನಾಲ್ಕು ಕಾಲುಗಳೂ ಸಮವೆಂದು ಬಲ್ಲ ಬುದ್ಧಿ, ದೂರದ ಕಾಲು ಗಿಡ್ಡವಾಗಿ ಕಾಣುವುದನ್ನು ಒಪ್ಪದೆ, ಕಾಗದದ ಮೇಲೆ ಕುರ್ಚಿಯನ್ನೇ ಕುಂಟಾಗಿಸುತ್ತದೆ.

ಅಮೆರಿಕದ ಕಲಾಶಿಕ್ಷಕಿ ಬೆಟ್ಟಿ ಎಡ್ವರ್ಡ್ಸ್ ಅವರು 1979ರ ತಮ್ಮ ಗ್ರಂಥದಲ್ಲಿ, ಸಂಗೀತಕಾರ ಸ್ಟ್ರಾವಿನ್ಸ್ಕಿಯನ್ನು ಕುರಿತು ಪಿಕಾಸೊ ರಚಿಸಿದ ರೇಖಾಚಿತ್ರವನ್ನು ತಲೆಕೆಳಗಾಗಿರಿಸಿ ನಕಲು ಮಾಡಿಸಿದ್ದು ಈ ಬುದ್ಧಿಯ ಬಾಯಿ ಕಟ್ಟುವುದಕ್ಕಾಗಿಯೇ: ಮೂಗೆಂದೋ ಬೆರಳೆಂದೋ ಹೆಸರಿಡಲಾಗದ ಆಕಾರವನ್ನು ಕಣ್ಣು ಇದ್ದಂತೆಯೇ ಅಳೆಯತೊಡಗುತ್ತದೆ.

ಕಣ್ಣು ಪಳಗಿದರಷ್ಟೇ ಸಾಲದು, ಕೈಯ ಅಳುಕೂ ಅಳಿಯಬೇಕು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1977ರಲ್ಲಿ ಪ್ರತಿಪಾದಿಸಿದಂತೆ, ತನ್ನ ಸಾಮರ್ಥ್ಯದಲ್ಲಿ ನಂಬಿಕೆ ಹುಟ್ಟುವುದು ಪರರ ಹೊಗಳಿಕೆಗಿಂತ ಸ್ವಂತ ಯತ್ನದ ಸಾಫಲ್ಯದಿಂದ. ಆದಕಾರಣ ವಿವೇಕಿಯಾದ ಗುರು ಮಹಾಕೃತಿಯನ್ನು ಬೇಡದೆ, ಅಳಿಸಲಾಗದ ಲೇಖನಿಯಿಂದ ದಿನಕ್ಕೆ ಹತ್ತಾರು ಪುಟ್ಟ ರೇಖಾಚಿತ್ರಗಳನ್ನು ಬರೆಯಿಸಿ, ಹಲವು ವಾರಗಳ ತರುವಾಯ ಮೊದಲ ಹಾಳೆಯನ್ನೂ ಇಂದಿನದನ್ನೂ ಪಕ್ಕಪಕ್ಕದಲ್ಲಿ ಇರಿಸುತ್ತಾನೆ. ವಿನ್ಯಾಸಕನಿಗೆ ರೇಖೆಯೆಂಬುದು ಪ್ರದರ್ಶನದ ವಸ್ತುವಲ್ಲ, ಆಲೋಚನೆಯ ಸಾಧನವೆಂಬ ಅರಿವು ಮೂಡಿದೊಡನೆ, ರಬ್ಬರನ್ನು ಅರಸುತ್ತಿದ್ದ ಕೈ ಮುಂದಿನ ಹಾಳೆಯನ್ನು ಅರಸುತ್ತದೆ.