ಮಧುಮೇಹ: ಮಾತ್ರೆ ನಿಲ್ಲಿಸುವ ಮುನ್ನ ತಿಳಿಯಬೇಕಾದದ್ದು

ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಸರಿಯಿದೆಯೆಂದು ತಿಳಿದೊಡನೆ ಕಾಯಿಲೆ ವಾಸಿಯಾಯಿತೆಂದು ಮಾತ್ರೆ ನಿಲ್ಲಿಸುವವರಿದ್ದಾರೆ. ಆದರೆ ಅದು ಸಾಮಾನ್ಯವಾಗಿ ಔಷಧ, ಆಹಾರ ಮತ್ತು ನಡಿಗೆಯ ಫಲವೇ ಹೊರತು ಕಾಯಿಲೆ ಹೋದುದರ ಗುರುತಲ್ಲ. ವೈದ್ಯರ ಸಲಹೆಯಿಲ್ಲದೆ ಔಷಧ ಬಿಡಬಾರದು.

ಇನ್ಸುಲಿನ್ ಸಾಕಷ್ಟು ಉತ್ಪತ್ತಿಯಾಗದಿದ್ದಾಗ ಅಥವಾ ಸರಿಯಾಗಿ ಕೆಲಸ ಮಾಡದಿದ್ದಾಗ ಸಕ್ಕರೆ ರಕ್ತದಲ್ಲಿಯೇ ಉಳಿಯುತ್ತದೆ. ನೋವು ಕಾಣದಿದ್ದರೂ ಕಣ್ಣು, ಮೂತ್ರಪಿಂಡ, ಹೃದಯ, ನರಗಳಿಗೆ ಹಾನಿಯಾಗುತ್ತಿರುತ್ತದೆ. ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಹೊಲದಲ್ಲಿ ಚುಚ್ಚಿದ ಮುಳ್ಳು ಅರಿವಿಗೆ ಬಾರದು; ಗಾಯ ಕೊಳೆತು ಕಾಲನ್ನೇ ತೆಗೆಯಬೇಕಾಗಬಹುದು. ಚಪ್ಪಲಿ ಧರಿಸುವುದು, ಪ್ರತಿ ರಾತ್ರಿ ಪಾದ ತೊಳೆದು ಪರಿಶೀಲಿಸುವುದು ಅವಶ್ಯ.

ರಾಗಿಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದೆಂಬ ನಂಬಿಕೆ ತಪ್ಪು. ರಾಗಿಯಲ್ಲಿ ನಾರಿನೊಂದಿಗೆ ಪಿಷ್ಟವೂ ಇದೆ. ಮುದ್ದೆಯ ಗಾತ್ರ ತಗ್ಗಿಸಿ ಸೊಪ್ಪು, ತರಕಾರಿ, ಕಾಳು ಹೆಚ್ಚಿಸಬೇಕು. ಬೆಲ್ಲವೂ ಸಕ್ಕರೆಯನ್ನು ಏರಿಸುತ್ತದೆ. ಔಷಧ ಪಡೆಯುವವರು ಊಟ ತಪ್ಪಿಸಬಾರದು. ಬೆವರು, ನಡುಕ ಕಂಡರೆ ಎಚ್ಚರವಿರುವಾಗಲೇ 3 ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಸದಸ್ಯರು ಗಮನಿಸಬೇಕಾದ ಅಂಶಗಳು:

1. 30 ವರ್ಷ ಮೇಲ್ಪಟ್ಟವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆಯಿದೆ. ದಿನಾಂಕವನ್ನು ಗ್ರಾಮಸಭೆಯಲ್ಲಿ ಪ್ರಕಟಿಸುವುದು.

2. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಪ್ರತಿ ಡೆಸಿಲೀಟರ್‌ಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಕಂಡುಬಂದವರು ವೈದ್ಯರಲ್ಲಿ ಮರುಪರೀಕ್ಷೆಗೆ ಹೋಗುವಂತೆ ನೋಡಿಕೊಳ್ಳುವುದು.

3. ಔಷಧ ನಿಲ್ಲಿಸಿದವರನ್ನು ಆಶಾ ಕಾರ್ಯಕರ್ತೆಯರು ಮತ್ತೆ ಸಂಪರ್ಕಿಸಲು ಸಹಕರಿಸುವುದು. ರೋಗಿಗಳ ಹೆಸರನ್ನು ಸಭೆಯಲ್ಲಿ ಓದತಕ್ಕದ್ದಲ್ಲ. ಸಂಕೋಚದಿಂದ ಅವರು ಚಿಕಿತ್ಸೆಯಿಂದಲೇ ದೂರವಾಗುವ ಸಂಭವವಿದೆ.