ಕೈತೋಟದಿಂದ ಅಡುಗೆಮನೆಗೆ: ಮನೆಮಾತು ಮತ್ತು ಕನ್ನಡ ಪಾಠ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗು ಹರಿವೆ ಸೊಪ್ಪನ್ನು ಮನೆಯಲ್ಲಿ ‘ಪದ್ಪೆ’ ಎಂಬ ತುಳು ಹೆಸರಿನಿಂದ ಬಲ್ಲುದು. ಪೇಟೆಯ ಅಂಗಡಿಯಲ್ಲಿ ಅದೇ ಸೊಪ್ಪನ್ನು ‘ಚೀರ’ ಎಂಬ ಮಲಯಾಳ ಹೆಸರಿನಿಂದ ಕೇಳುವುದು. ‘ಹರಿವೆ’ ಎಂಬ ಪದವನ್ನು ಪಠ್ಯಪುಸ್ತಕದಲ್ಲಿ ಓದುವುದು. ಮೂರು ಹೆಸರುಗಳೂ ಒಂದೇ ಗಿಡಕ್ಕೆ ಸೇರಿದವು ಎಂಬುದನ್ನು ಯಾರೂ ಕೂಡಿಸಿ ತೋರಿಸದಿದ್ದರೆ ಪುಸ್ತಕದ ಪದವು ಪರೀಕ್ಷೆಯ ಪದವಾಗಿಯೇ ಉಳಿಯುತ್ತದೆ. ಮನೆಯ ಹಿತ್ತಲಿನ ಕೈತೋಟ ಮತ್ತು ಅದರ ಫಸಲಿನಿಂದಾಗುವ ಅಡುಗೆ ಈ ಕೂಡಿಕೆಗೆ ಒದಗುವ ಅತ್ಯಂತ ಸುಲಭವಾದ ಸಾಧನಗಳು. ಪದಕ್ಕೆ ಇಲ್ಲಿ ಬಣ್ಣ, ವಾಸನೆ, ರುಚಿಗಳ ಆಧಾರವಿರುತ್ತದೆ.

ಮಣ್ಣು ಮತ್ತು ಮಡಿ

ಕೇರಳದಲ್ಲಿ ಶಾಲೆಗಳು ಜೂನ್ ತಿಂಗಳಲ್ಲಿ ಮಳೆಯೊಂದಿಗೇ ತೆರೆಯುತ್ತವೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಪ್ರದೇಶದ ಮುರಕಲ್ಲಿನ ಮಣ್ಣಿನಿಂದ ಸುಣ್ಣದ ಅಂಶವು ತೊಳೆದುಹೋಗಿ ಮಣ್ಣು ಹುಳಿಯಾಗಿರುತ್ತದೆ. ಆದಕಾರಣ ಬಿತ್ತನೆಗೆ ಮುನ್ನ ಸೆಂಟ್ ಒಂದಕ್ಕೆ ಸುಮಾರು 2 ಕಿಲೋಗ್ರಾಂ ಸುಣ್ಣವನ್ನು ಬೆರೆಸುವುದು ರೂಢಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬಾರದು. ಹಾಕಿದರೆ ಗೊಬ್ಬರದ ಸಾರಜನಕವು ಅನಿಲವಾಗಿ ಹಾರಿಹೋಗುತ್ತದೆ. ಎರಡು ವಾರಗಳ ಅಂತರವಿಟ್ಟು ಹಟ್ಟಿಗೊಬ್ಬರ ಸೇರಿಸುವುದು ಲೇಸು. ಮಣ್ಣಿನ ಪರೀಕ್ಷೆಗೆ ಪಂಚಾಯತಿನ ಕೃಷಿಭವನದ ನೆರವು ದೊರೆಯುತ್ತದೆ.

ಮಳೆಗಾಲದಲ್ಲಿ ಬೇರು ಕೊಳೆಯದಂತೆ ಒಂದು ಗೇಣು ಎತ್ತರದ ಏರುಮಡಿ ಬೇಕು. ಬೇಸಗೆಯಲ್ಲಿ ನೀರು ನಿಲ್ಲುವ ತಗ್ಗಾದ ಸಾಲು ಬೇಕು. ಹಿತ್ತಲಿಲ್ಲದ ಮನೆಯವರಿಗೆ ಮಣ್ಣು ತುಂಬಿದ ನಾಲ್ಕು ಗೋಣಿಚೀಲಗಳೂ ಸಾಕು. ಈ ಮಾತನ್ನು ಶಿಕ್ಷಕರು ಮೊದಲೇ ಹೇಳಬೇಕು. ಇಲ್ಲವಾದರೆ ಭೂಮಿಯಿಲ್ಲದ ಮಗು ಪಾಠದಿಂದ ಹೊರಗುಳಿಯುತ್ತದೆ.

ಆರಂಭಕ್ಕೆ ನಾಲ್ಕು ಬೆಳೆಗಳು

ಬಸಳೆಗೆ ಬೀಜ ಬೇಕಿಲ್ಲ. ಗೇಣುದ್ದದ ಬಲಿತ ದಂಟನ್ನು ನೆಟ್ಟು ಚಪ್ಪರಕ್ಕೆ ಹಬ್ಬಿಸಿದರೆ ಸಾಕು. ಬಾವಿಕಟ್ಟೆಯ ಬಳಿ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ಅದನ್ನು ನೆಡುವ ಹಿರಿಯರ ಕ್ರಮವು ನೀರಿನ ಮಿತವ್ಯಯದ ಪಾಠವೂ ಹೌದು. ಹರಿವೆಯ ಬೀಜ ಬಹಳ ಸಣ್ಣದು. ಮರಳಿನೊಂದಿಗೆ ಬೆರೆಸಿ ಚೆಲ್ಲಿದರೆ ಒಂದೇ ಸಮನಾಗಿ ಬೀಳುತ್ತದೆ, ತಿಂಗಳೊಳಗೆ ಸೊಪ್ಪು ಕೊಯ್ಲಿಗೆ ಬರುತ್ತದೆ. ಕೆಂಪು ಹರಿವೆಗೆ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ಬೇಗ ತಗಲುವುದರಿಂದ ಅದನ್ನು ಮಳೆ ಇಳಿದ ಮೇಲೆ ಬಿತ್ತುವುದು ಒಳ್ಳೆಯದು. ಬೆಂಡೆಯು ಬಿತ್ತಿದ 45–50 ದಿನಗಳಲ್ಲಿ ಕಾಯಿ ಕೊಡುತ್ತದೆ. ಎರಡು ದಿನಕ್ಕೊಮ್ಮೆ ಕೊಯ್ಯದಿದ್ದರೆ ಕಾಯಿ ನಾರಾಗುತ್ತದೆ. ಅಲಸಂಡೆಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಗಿಡವನ್ನು ಕಿತ್ತು ಗಂಟುಗಳನ್ನು ತೋರಿಸಿದರೆ ವಿಜ್ಞಾನದ ಪಾಠವೂ ಆಗುತ್ತದೆ.

ಕೀಟಗಳಿಗೆ ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನು ನೀರಿನ ಮಿಶ್ರಣ ಸಾಕಾಗುತ್ತದೆ. ಹಾಗಲಕಾಯಿಯ ಮಿಡಿಗೆ ಕಾಗದದ ಚೀಲ ತೊಡಿಸಿದರೆ ಕಾಯಿನೊಣದ ಕಾಟ ತಪ್ಪುತ್ತದೆ. ಗೇರುತೋಟಗಳ ಮೇಲೆ ಆಕಾಶಮಾರ್ಗವಾಗಿ ಎಂಡೋಸಲ್ಫಾನ್ ಸಿಂಪಡಿಸಿದ ಈ ಜಿಲ್ಲೆಯಲ್ಲಿ ವಿಷವಿಲ್ಲದ ತರಕಾರಿಯ ಮಾತು ಬರಿಯ ಉಪದೇಶವಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆ ಕೀಟನಾಶಕವನ್ನು ನಿಷೇಧಿಸಿತು. ತರಗತಿಯಲ್ಲಿ ಬಾಧಿತ ಕುಟುಂಬದ ಮಕ್ಕಳಿರಬಹುದಾದ್ದರಿಂದ ಈ ವಿಷಯವನ್ನು ಎಚ್ಚರದಿಂದ, ಯಾರನ್ನೂ ಬೆರಳಿಟ್ಟು ತೋರಿಸದೆ ಹೇಳಬೇಕು.

ಒಲೆಯ ಮೇಲಿನ ಕಾರಣಗಳು

ಅಡುಗೆಯ ಪ್ರತಿಯೊಂದು ಕ್ರಮಕ್ಕೂ ಕಾರಣವಿದೆ. ಬಸಳೆಯ ಹುಳಿ ಮಾಡುವಾಗ ದಂಟನ್ನು ಮೊದಲು, ಎಲೆಯನ್ನು ಆಮೇಲೆ ಬೇಯಲು ಹಾಕುತ್ತಾರೆ. ಎಲೆ ಬೇಗ ಬೇಯುತ್ತದೆ. ಹುಣಸೆಹಣ್ಣಿನ ರಸವನ್ನು ಬೇಳೆ, ತರಕಾರಿಗಳು ಬೆಂದ ಮೇಲೆಯೇ ಸೇರಿಸುತ್ತಾರೆ. ಹುಳಿ ಮೊದಲೇ ಬಿದ್ದರೆ ಬೇಳೆ ಬೇಯಲು ತಡವಾಗುತ್ತದೆ. ಪತ್ರೊಡೆಯ ಹಿಟ್ಟಿಗೆ ಹುಣಸೆಹುಳಿ ಬೆರೆಸುವುದು ರುಚಿಗಷ್ಟೇ ಅಲ್ಲ; ಕೆಸುವಿನ ಎಲೆಯಲ್ಲಿರುವ ಸೂಜಿಯಂತಹ ಹರಳುಗಳಿಂದಾಗುವ ಗಂಟಲ ತುರಿಕೆಯನ್ನು ಅದು ಕಡಿಮೆ ಮಾಡುತ್ತದೆ. ಸೊಪ್ಪನ್ನು ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆಯಬಾರದು; ನೀರಿನಲ್ಲಿ ಕರಗುವ ಜೀವಸತ್ವಗಳು ತೊಳೆದುಹೋಗುತ್ತವೆ. ಹರಿವೆ ಪಲ್ಯಕ್ಕೆ ತೆಂಗಿನೆಣ್ಣೆಯ ಒಗ್ಗರಣೆ ಕೊಟ್ಟಾಗ ‘ಎ’ ಜೀವಸತ್ವವನ್ನು ದೇಹವು ಚೆನ್ನಾಗಿ ಹೀರಿಕೊಳ್ಳುತ್ತದೆ.

ಒಂದು ಮನೆಯಲ್ಲಿ ಬಸಳೆಗೆ ತೊಗರಿಬೇಳೆ ಸೇರಿದರೆ ಇನ್ನೊಂದು ಮನೆಯಲ್ಲಿ ಒಣಸಿಗಡಿಯೋ ಮರುವಾಯಿಯೋ ಸೇರುತ್ತದೆ. ಇವುಗಳಲ್ಲಿ ಯಾವುದೊಂದನ್ನೂ ‘ಸರಿಯಾದ’ ಕ್ರಮವೆಂದು ತರಗತಿಯಲ್ಲಿ ಎತ್ತಿಹಿಡಿಯಲಾಗದು.

ಮೂರು ಭಾಷೆಗಳ ಮಧ್ಯೆ

ಮಲಯಾಳದ ತರಕಾರಿ ಹೆಸರುಗಳನ್ನು ಕನ್ನಡದ ಹೆಸರುಗಳ ಪಕ್ಕದಲ್ಲಿ ಬರೆದರೆ ಒಂದು ಕ್ರಮ ಕಾಣುತ್ತದೆ. ವೆಂಡ–ಬೆಂಡೆ, ವಾಳ–ಬಾಳೆ, ವಳ್ಳಿ–ಬಳ್ಳಿ, ವೇರ್–ಬೇರು: ಪದದ ಮೊದಲಲ್ಲಿ ಅಲ್ಲಿ ‘ವ’ಕಾರವಿರುವೆಡೆ ಇಲ್ಲಿ ‘ಬ’ಕಾರವಿದೆ. ಪಾವಲ್–ಹಾಗಲ, ಪುಳಿ–ಹುಳಿ, ಪಾಲ್–ಹಾಲು: ಅಲ್ಲಿನ ‘ಪ’ಕಾರವು ಹೊಸಗನ್ನಡದಲ್ಲಿ ‘ಹ’ಕಾರವಾಗಿದೆ, ಹಳಗನ್ನಡದಲ್ಲಿ ಇವು ಪುಳಿ, ಪಾಲ್ ಎಂದೇ ಇದ್ದವು. ಚೀರ–ಕೀರೆ, ಚೇಂಬ್–ಕೆಸು: ಅಲ್ಲಿನ ‘ಚ’ಕಾರಕ್ಕೆ ಇಲ್ಲಿ ‘ಕ’ಕಾರ. ಕೋವಲ್–ತೊಂಡೆ, ವೆಳ್ಳರಿ–ಸೌತೆ ಮುಂತಾದವು ಬೇರೆ ಬೇರೆ ಪದಗಳು. ತುಳುವಿನಲ್ಲಿ ತೊಂಡೆಯು ‘ಮನೋಳಿ’, ಸೌತೆಯು ‘ತೆಕ್ಕರೆ’. ಹೊಂದುವ ಜೋಡಿಗಳನ್ನೂ ಹೊಂದದವನ್ನೂ ಮಕ್ಕಳೇ ವಿಂಗಡಿಸಲಿ. ಮನೆಮಾತಿನ ಪದವು ತಪ್ಪಲ್ಲ, ಕನ್ನಡಕ್ಕೆ ನೆಂಟನೇ ಎಂಬುದು ಆಗ ತಾನಾಗಿಯೇ ಮನದಟ್ಟಾಗುತ್ತದೆ.

ಹೆಸರುಗಳಿಗಿಂತ ಬೇಗ ಮರೆಯಾಗುತ್ತಿರುವವು ಕ್ರಿಯಾಪದಗಳು. ಹೆಚ್ಚು, ಕೊಚ್ಚು, ಸೀಳು, ತುರಿ, ಅರೆ, ರುಬ್ಬು, ಹುರಿ, ಬಸಿ ಎಂಬ ಪದಗಳು ಒಂದೊಂದೂ ಒಂದೊಂದು ಕೆಲಸವನ್ನು ಹೇಳುತ್ತವೆ. ‘ಕಟ್ ಮಾಡು’, ‘ಫ್ರೈ ಮಾಡು’ ಎಂಬ ಮಾತು ಈ ಭೇದಗಳನ್ನು ಅಳಿಸಿಹಾಕುತ್ತದೆ. ಮಿಡಿ, ಎಳೆಗಾಯಿ, ಬಲಿತ ಕಾಯಿ, ಹಣ್ಣು ಎಂಬ ಹಂತಗಳೂ ಕಾಯಿಯನ್ನು ಕೈಯಲ್ಲಿ ಹಿಡಿದವರಿಗಷ್ಟೇ ಸ್ಪಷ್ಟ.

ತರಗತಿಯ ಚಟುವಟಿಕೆ

ಐದರಿಂದ ಏಳನೆಯ ತರಗತಿಯ ಮಕ್ಕಳು ಒಂದು ‘ತೋಟದ ಪುಸ್ತಕ’ ಇಡಲಿ. ಎಡಪುಟದಲ್ಲಿ ದಿನಾಂಕ, ಬಿತ್ತಿದ ಬೀಜ, ಗಿಡದ ಎತ್ತರ, ಕೊಯ್ಲಿನ ತೂಕ. ಬಲಪುಟದಲ್ಲಿ ಆ ತರಕಾರಿಗೆ ಮನೆಮಾತಿನ ಹೆಸರು, ಕನ್ನಡದ ಹೆಸರು ಮತ್ತು ಹಿರಿಯರಿಂದ ಕೇಳಿ ಬರೆದ ಒಂದು ಅಡುಗೆಯ ಕ್ರಮ. ಬೆಂಕಿ, ಕತ್ತಿಗಳ ಕೆಲಸವನ್ನು ಹಿರಿಯರೇ ಮಾಡಲಿ; ಮಗು ನೋಡಿ ಬರೆಯಲಿ. ವಾರಕ್ಕೊಮ್ಮೆ ಇಬ್ಬರು ಮಕ್ಕಳು ತಮ್ಮ ಪುಟವನ್ನು ಓದಲಿ. ಉಳಿದವರು ಒಂದೊಂದು ಪ್ರಶ್ನೆ ಕೇಳಲಿ.

ಮೌಲ್ಯಮಾಪನದಲ್ಲಿ ಫಸಲಿನ ತೂಕಕ್ಕೆ ಅಂಕವಿಲ್ಲ. ಗಿಡ ಸತ್ತಿದ್ದರೂ ಏಕೆ ಸತ್ತಿತೆಂದು ಕಾರಣಸಹಿತ ಬರೆದ ಮಗುವಿಗೆ ಪೂರ್ಣ ಅಂಕ ಸಲ್ಲಬೇಕು. ಕ್ರಮವನ್ನು ಸರಿಯಾದ ಅನುಕ್ರಮದಲ್ಲಿ ಹೇಳಿದೆಯೇ, ಕ್ರಿಯಾಪದಗಳನ್ನು ಖಚಿತವಾಗಿ ಬಳಸಿದೆಯೇ ಎಂಬ ಎರಡನ್ನು ಮುಖ್ಯವಾಗಿ ನೋಡಿದರೆ ಸಾಕು. ವರ್ಷದ ಕೊನೆಗೆ ಪ್ರತಿಯೊಂದು ಮಗುವೂ ಒಂದು ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಬೆರೆಸಿ ಹೆಸರು ಬರೆದ ಕಾಗದದ ಪೊಟ್ಟಣದಲ್ಲಿಟ್ಟು ಶಾಲೆಗೆ ತರಲಿ. ಮುಂದಿನ ಜೂನಿನಲ್ಲಿ ಆ ತರಗತಿಗೆ ಬರುವ ಮಕ್ಕಳು ಆ ಪೊಟ್ಟಣಗಳಿಂದಲೇ ಬಿತ್ತನೆ ಆರಂಭಿಸಬಹುದು.